ಎರಡು ಬಗೆಯ ಮಾತ್ರೆ

"ಕೈ ತೆಗೀರಿ ಮೇಡಂ... ಕಣ್ಣು ನೋಡಬೇಕು."

"ಇಷ್ಟು ಹತ್ತಿರದಿಂದಾನೇ ನೋಡಬೇಕಾ?" ಅವಳು ಕುರ್ಚಿಯಲ್ಲೇ ಹಿಂದಕ್ಕೆ ಸರಿದಳು.

ಕನ್ನಡಕದ ಅಂಗಡಿಯವನು ನಕ್ಕುಬಿಟ್ಟ. "ದೂರದಿಂದ ನೋಡಿದ್ರೆ ನನಗೇ ಕನ್ನಡಕ ಬೇಕಾಗುತ್ತೆ!"

ಅವಳಿಗೂ ನಗು ಬಂತು. ಕೆನ್ನೆ ಮುಚ್ಚಿದ್ದ ಕೈ ಕೆಳಗಿಳಿಯಿತು. ಟೈಲರಿಂಗ್ ಅಂಗಡಿಯಲ್ಲಿ ಕೆಲಸ ಅವಳದು. ಸೂಜಿಗೆ ದಾರ ಪೋಣಿಸಲು ಕಣ್ಣು ಮಂಜಾಗುತ್ತಿದೆ ಎಂದು ಬಂದಿದ್ದಳು.

'ದೇವರೇ, ಮೇಕಪ್ ಒಂದು ಕರಗದಿರಲಿ...'

ಆ ದಪ್ಪ ಮೇಕಪ್ಪಿನ ಕೆಳಗೆ, ಕೆನ್ನೆ ಗಲ್ಲದ ತುಂಬ ಗಂಟುಗಂಟಾದ ಕೆಂಪು ಮೊಡವೆಗಳಿದ್ದವು. ಹೆಣ್ಣು ನೋಡಲು ಬಂದಿದ್ದ ಇಬ್ಬರು ಗಂಡುಗಳು ಅವನ್ನು ನೋಡಿಯೇ ತಿರುಗಿ ಬಂದಿರಲಿಲ್ಲ.

ಈ ಕನ್ನಡಕದವನು ಮಾತ್ರ ಮತ್ತೆ ಮತ್ತೆ ಬಂದ. ಗಟ್ಟಿಯಾಗಿದ್ದ ಗುಂಡಿಗಳನ್ನು ತಾನೇ ಕಿತ್ತುಕೊಂಡು ಅಂಗಿ ಹಿಡಿದು ಟೈಲರಿಂಗ್ ಅಂಗಡಿಗೆ ಎಡತಾಕಿದ. ಎರಡೂ ಮನೆಯವರು ಒಪ್ಪಿದರು. ಮದುವೆಯೂ ಆಯಿತು.

ಅವಳ ನರಕ ಶುರುವಾದದ್ದು ಆಮೇಲೆ!

ಮೇಕಪ್ ಹಚ್ಚಿಕೊಂಡೇ ಮಲಗುತ್ತಿದ್ದಳು. ಅವನಿಗಿಂತ ಮೊದಲು ಎದ್ದು, ಬಚ್ಚಲಿನ ಚಿಲಕ ಹಾಕಿಕೊಂಡು ಮತ್ತೆ ಹಚ್ಚುತ್ತಿದ್ದಳು. ಮೊಡವೆಗಳು ಇನ್ನೂ ರೊಚ್ಚಿಗೆದ್ದವು. ಕೊನೆಗೆ ಯಾರಿಗೂ ಹೇಳದೆ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದಳು.

"ಮಾತ್ರೆ ಕೊಡ್ತೀನಿ, ಆದ್ರೆ ತುಂಬಾ ಸ್ಟ್ರಾಂಗ್. ತುಟಿ ಒಡೆಯುತ್ತೆ, ಕಣ್ಣು ಒಣಗಿ ಕೆಂಪಾಗುತ್ತೆ. ಮುಖ್ಯವಾಗಿ, ಇದು ನಡೀತಿರುವಾಗ ಬಸಿರಾಗಲೇಬಾರದು. ಹೊಟ್ಟೆಯಲ್ಲಿರೋ ಮಗುವಿಗೆ ಅಪಾಯ. ಬಸಿರಾಗದ ಹಾಗೆ ತಡೆಯೋಕೂ ಬೇರೆ ಮಾತ್ರೆ ಬರೀತೀನಿ. ನಿಮ್ಮ ಯಜಮಾನರಿಗೆ ಗೊತ್ತು ತಾನೆ?"

"ಗೊತ್ತು ಡಾಕ್ಟ್ರೇ..."

ಸುಳ್ಳು ಬಾಯಿಂದ ಜಾರಿಬಿಟ್ಟಿತ್ತು.

"ಏನಮ್ಮಾ, ಇನ್ನೂ ಏನೂ ವಿಶೇಷ ಇಲ್ವಾ?" ಎಂದು ಅತ್ತೆ ಕೇಳಿದಾಗಲೆಲ್ಲ ನಗುತ್ತಿದ್ದಳು. ನಕ್ಕರೆ ಒಡೆದ ತುಟಿಯಲ್ಲಿ ರಕ್ತ ಜಿನುಗುತ್ತಿತ್ತು.

"ಅತ್ತಿದ್ದೀಯಾ?" ಅವನು ಕೇಳುತ್ತಿದ್ದ.

"ಇಲ್ಲಾ ರೀ."

"ಮತ್ತೆ ಕಣ್ಣು ಯಾಕೆ ಇಷ್ಟು ಕೆಂಪು?"

ಅವಳು ಬೇರೆ ಕಡೆ ನೋಡುತ್ತಿದ್ದಳು.

ಒಂದು ಭಾನುವಾರ ಕರ್ಚೀಫು ಹುಡುಕಲು ಹೋದವನ ಕೈಗೆ, ಬೀರುವಿನಲ್ಲಿ ಅವಳ ಬಟ್ಟೆಗಳ ಕೆಳಗಿದ್ದ ಮಾತ್ರೆ ಸಿಕ್ಕಿತು. ಮೊಡವೆಯದ್ದಲ್ಲ... ಇನ್ನೊಂದು!

"ನನ್ನ ಮಗು ಬೇಡವಾ ನಿನಗೆ?"

"ಹಾಗಲ್ಲಾ ರೀ..."

"ಮತ್ತೆ ಹೇಗೆ? ಹೇಳು!"

'ಹೇಳಿದರೆ ಮುಖ ತೋರಿಸಬೇಕು... ತೋರಿಸಿದ ಮೇಲೆ?' ಎರಡೂ ಕೈಗಳಿಂದ ಕೆನ್ನೆ ಮುಚ್ಚಿಕೊಂಡಳು.

"ದಿನಾ ಕದ್ದು ಅತ್ತುಕೊಂಡು ನನ್ನ ಜೊತೆ ಇರಬೇಕಾಗಿಲ್ಲ. ಬಲವಂತವಾಗಿ ಹಿಡಿದಿಟ್ಕೊಳ್ಳೋನಲ್ಲ ನಾನು." ಮಾತ್ರೆಯನ್ನು ಮಂಚದ ಮೇಲೆ ಹಾಕಿ, ರಜೆಯ ದಿನವೂ ಅಂಗಡಿಯ ಕಡೆ ನಡೆದುಬಿಟ್ಟ.

ಅವಳು ಅಕ್ಕನ ಮನೆ ಸೇರಿದಳು. ಅವನ ಫೋನಿಲ್ಲ. ಇವಳಿಗೆ ಮಾಡುವ ಧೈರ್ಯವಿಲ್ಲ. ಊಟ ಸೇರಲಿಲ್ಲ, ಕಣ್ಣು ಮುಚ್ಚಲಿಲ್ಲ.

ಒಂದು ಬೆಳಿಗ್ಗೆ ಮೊಡವೆ ಮಾತ್ರೆಗಳನ್ನು ಹಿಡಿದು ಬಚ್ಚಲಿಗೆ ನುಗ್ಗಿದಳು. "ಇದೇ ಅಕ್ಕಾ ನನ್ನ ಮನೆ ಮುರಿದದ್ದು! ಎಸೆದುಬಿಡ್ತೀನಿ!"

ಅಕ್ಕ ಮಣಿಕಟ್ಟು ಹಿಡಿದಳು. "ಪಾಪ, ಮಾತ್ರೆ ಏನು ಮಾಡ್ತು ಕಣೇ? ಆಡಬೇಕಾದ ಬಾಯಿ ಮುಚ್ಕೊಂಡು ಕೂತವಳು ನೀನು!"

"ಈ ಮುಖ ನೋಡಿದ್ರೆ ಅವರು ನನ್ನ ಬಿಟ್ಟೇ ಬಿಡ್ತಾರೆ..."

"ಈಗೇನು ಹಿಡ್ಕೊಂಡಿದಾರಾ?"

ಅವಳು ಮಾತ್ರೆಗಳನ್ನು ಪಕ್ಕಕ್ಕಿಟ್ಟಳು. ಆಮೇಲೆ ನಲ್ಲಿ ತಿರುಗಿಸಿ ಮುಖ ತೊಳೆದಳು. ಪೌಡರ್ ಇಲ್ಲ, ಮುಸುಕಿಲ್ಲ.

ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸು ದಿಟ್ಟಿಸಿ, "ಮುಖಕ್ಕೆ ಏನೂ ಹಚ್ಚಲ್ವಾಮ್ಮಾ?" ಎಂದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಇಳಿದು ಓಡಿಹೋಗಲಿಲ್ಲ.

ಅಂಗಡಿಯಲ್ಲಿ ಅವನು ಗಾಜು ಒರೆಸುತ್ತಿದ್ದ. ತಲೆಯೆತ್ತಿದ. ಒಂದು ಕ್ಷಣ... ತನ್ನ ಹೆಂಡತಿಯ ಗುರುತೇ ಸಿಗಲಿಲ್ಲ ಅವನಿಗೆ!

ಅವಳು ಎರಡೂ ಮಾತ್ರೆಗಳನ್ನು ಕೌಂಟರಿನ ಮೇಲಿಟ್ಟಳು.

"ಇದು ಮೊಡವೆಗೆ. ಇದನ್ನ ತಗೊಳ್ಳುವಾಗ ಬಸಿರಾದ್ರೆ ಮಗುವಿಗೆ ಅಪಾಯ. ಅದಕ್ಕೇ ಆ ಇನ್ನೊಂದು. ಕಣ್ಣು ಕೆಂಪಾಗ್ತಿದ್ದದ್ದೂ ಇದರಿಂದಾನೇ. ನೀವು ಬೇಡ ಅಂತ ಅಲ್ಲಾ ರೀ... ನಾನು ನಿಮಗೆ ಬೇಡವಾಗ್ತೀನಿ ಅಂತ!"

ಅವನು ಕೌಂಟರ್ ಸುತ್ತಿ ಬಂದ. ಕೆನ್ನೆಯ ಹತ್ತಿರ ಬಂದ ಕೈ, ಮುಟ್ಟದೆ ನಿಂತಿತು.

"ನೋಯುತ್ತಾ?"

ಏನು ತಿಂತೀಯಾ, ಏನು ಹಚ್ತೀಯಾ ಎಂದು ಕೇಳಿದವರೇ ಎಲ್ಲ. ಇದನ್ನು ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ. ಅವಳ ದುಃಖ ಕಟ್ಟೆಯೊಡೆಯಿತು.

"ತುಂಬಾ... ತುಂಬಾ ನೋಯುತ್ತೆ ರೀ!"

"ಮಲಗುವಾಗಲೂ ಅದೆಲ್ಲ ಹಚ್ಕೊಂಡೇ ಇರ್ತಿದ್ಯಾ?"

"ಹೂಂ..."

"ಅಯ್ಯೋ ಹುಚ್ಚೀ!" ಅವನ ದನಿ ಒಡೆಯಿತು. "ಅಷ್ಟು ಕೆಟ್ಟವನ ಹಾಗೆ ಕಂಡೆನಾ ನಾನು?"

"ಇಲ್ಲಾ ರೀ... ಅಷ್ಟು ಒಳ್ಳೆಯವರಾಗಿ ಕಂಡ್ರಿ. ಅದಕ್ಕೇ ಭಯ ಆಯ್ತು."

ಅವಳನ್ನು ಎದೆಗೊರಗಿಸಿಕೊಂಡ. "ಸಮಾಧಾನವಾಗಿ ಕೇಳದೆ ಬೈದುಬಿಟ್ಟೆ, ತಪ್ಪು ನಂದು. ಅಮ್ಮನಿಗೆ ನಾನು ಹೇಳ್ತೀನಿ. ಇನ್ಮೇಲೆ ಡಾಕ್ಟರ ಹತ್ತಿರ ಇಬ್ಬರೂ ಹೋಗೋಣ."

"ಮತ್ತೆ... ಮಗು?"

"ಮಾತ್ರೆ ಮುಗಿದು, ಡಾಕ್ಟರು ಸರಿ ಅಂದ ಮೇಲೆ. ಅವಸರ ಏನು? ನನ್ನ ಹೆಂಡ್ತೀನ ನಾನು ನೋಡ್ತಿರೋದೇ ಈಗ!"

ಅವಳು ಮೂಗು ಒರೆಸಿಕೊಂಡು ಮೆಲ್ಲಗೆ ಕೇಳಿದಳು, "ಹೇಗಿದ್ದಾಳೆ?"

"ಮನೆಗೆ ಬಾ," ಅವನು ಅಂಗಡಿಯ ಬಾಗಿಲೆಳೆದ. "ಹೇಳೋಕೆ ತುಂಬಾ ಹೊತ್ತು ಬೇಕು."