ಮಾಯವಾದ ಗುಂಡಿಗಳು

“ತೆಗೆಯೋ ಮುಚ್ಚಳಾನ! ಒಳಗೇನು ಹಾವು ಇಟ್ಟಿದ್ದೀಯಾ?”

ಸೂಜಿ ಅವಸರ ಮಾಡಿದಷ್ಟೂ ಆಮೆಯ ಬೆರಳುಗಳು ನಿಧಾನವಾಗುತ್ತಿದ್ದವು. ಮಾತಿನಲ್ಲಿ ಚುಚ್ಚುವ ಹುಡುಗಿಗೆ ಸೂಜಿ ಅಂತ, ನೆಲ ನಡುಗಿದರೂ ಓಡದ ಹುಡುಗನಿಗೆ ಆಮೆ ಅಂತ ಹೆಸರಿಟ್ಟವರು ಅವರ ಕ್ಲಾಸಿನ ಮಕ್ಕಳೇ. ಈಗ ಮನೆಯವರೂ ಹಾಗೇ ಕರೆಯುತ್ತಿದ್ದರು.

ಆಮೆ ಶೂ ಡಬ್ಬಿಗೆ ಸುತ್ತಿದ ದಾರ ಬಿಚ್ಚಿದ. ಆಮೇಲೆ ದಾರವನ್ನು ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡ. ಆಮೇಲೆ ಮುಚ್ಚಳ ತೆಗೆದ.

ಕ್ರಾಫ್ಟ್ ರೂಮಿನ ಉದ್ದ ಮೇಜಿನ ಸುತ್ತ ಎಲ್ಲರೂ ಕತ್ತು ಚಾಚಿದರು. ಶಾಲೆಯ ಲೈಬ್ರರಿ ಗೋಡೆಯ ಮೇಲೆ ನಾಳೆ ಒಂದು ಕಾಗದದ ಮರ ಏಳಬೇಕಿತ್ತು. ಇಬ್ಬಿಬ್ಬರಿಗೆ ಒಂದೊಂದು ಕೊಂಬೆ. ಒಂದು ಜೋಡಿಯದು ಹಳದಿ ಎಲೆ, ಇನ್ನೊಂದು ಜೋಡಿಯದು ನೇರಳೆ ಎಲೆ. ಸೂಜಿ ಮತ್ತು ಆಮೆಯದು ಕಡು ಕೆಂಪು. ಎಲೆಗಳ ನಡುವೆ ಹಣ್ಣು ಬೇಕಲ್ಲ? ಅದಕ್ಕೆ ಕ್ರಾಫ್ಟ್ ಮಿಸ್ ಒಂದು ಗಾಜಿನ ಭರಣಿ ತುಂಬ ಬಿಳಿ ಅಂಗಿ ಗುಂಡಿ ತಂದಿಟ್ಟಿದ್ದರು.

“ಹಣ್ಣು ದೂರಕ್ಕೆ ಕಾಣಲೇಬಾರದು,” ಅಂದಿದ್ದರು ಮಿಸ್. “ಹತ್ತಿರ ಬಂದು ಹುಡುಕಿದವರಿಗೆ ಮಾತ್ರ ಸಿಗಬೇಕು. ಗುಂಡಿಗೆ ಎಲೆಯದೇ ಬಣ್ಣ ಬರೋ ಹಾಗೆ ನೀವೇ ಬಣ್ಣ ಕಲೆಸಿ ಹಚ್ಚಬೇಕು.”

ಎಲೆ ಕತ್ತರಿಸಿ, ಮಡಿಸಿ, ಅಂಟಿಸಿದ್ದು ಸೂಜಿ. ಗುಂಡಿಗೆ ಬಣ್ಣ ಹಚ್ಚಿದ್ದು ಆಮೆ. ಇಡೀ ಕೊಂಬೆಯನ್ನು ನಿನ್ನೆ ಮನೆಗೆ ಒಯ್ದು, ಇವತ್ತು ತಂದಿದ್ದ.

ಸೂಜಿ ಡಬ್ಬಿಯೊಳಗೆ ನೋಡಿದಳು. ಕೆಂಪು ಎಲೆಗಳ ಮಧ್ಯೆ ಗುಂಡಿಗಳು ಕೆಸರು ಮೆತ್ತಿಕೊಂಡ ಹಸಿರು ಬಣ್ಣದಲ್ಲಿ ಕೂತಿದ್ದವು.

“ಇದೇನೋ ಇದು!” ಅವಳ ದನಿ ಸೂರಿಗೆ ಮುಟ್ಟಿತು. “ಕೆಂಪು ಎಲೆಗೆ ಪಾಚಿ ಬಣ್ಣ ಹಚ್ಚಿದ್ದೀಯಲ್ಲೋ! ನಿಂಗೇನು ಕಣ್ಣು ಕಾಣಲ್ವಾ?”

ಮೇಜಿನ ಸುತ್ತ ನಗು ಹರಡಿತು. “ಆಮೆ ಕೆರೆಯಿಂದ ಬಣ್ಣ ತಂದಿದೆ ಕಣೇ,” ಅಂದ ಒಬ್ಬ.

ಆಮೆ ನಗಲಿಲ್ಲ, ಜಗಳಕ್ಕೂ ಬರಲಿಲ್ಲ. ಡಬ್ಬಿಯನ್ನು ಅವಳ ಕಡೆ ತಳ್ಳಿ, “ಇನ್ಮೇಲೆ ನೀನೇ ಮಾಡ್ಕೋ,” ಅಂದ. ಬ್ಯಾಗು ತಗೊಂಡು ಹಿಂದಿನ ಬೆಂಚಿಗೆ ಹೋಗಿ ಕೂತ. ಅವನು ಅಷ್ಟು ಬೇಗ ನಡೆದದ್ದನ್ನು ಸೂಜಿ ಯಾವತ್ತೂ ನೋಡಿರಲಿಲ್ಲ.

ಸ್ಕೂಲು ಬಿಟ್ಟ ಮೇಲೆ ಸೂಜಿ ಡಬ್ಬಿ ಹೊತ್ತುಕೊಂಡು ನೇರ ಅಮ್ಮನ ಝೆರಾಕ್ಸ್ ಅಂಗಡಿಗೆ ಬಂದಳು. ದಿನವೂ ಇಬ್ಬರೂ ಜೊತೆಗೇ ಬರುತ್ತಿದ್ದರು. ಇವತ್ತು ಆಮೆ ಯಾವ ದಾರಿ ಹಿಡಿದನೋ, ಪತ್ತೆಯೇ ಇಲ್ಲ.

“ಎಲ್ಲಿ ನಿನ್ನ ಜೋಡಿ?” ಅಮ್ಮ ಲ್ಯಾಮಿನೇಷನ್ ಹಾಳೆಯ ಅಂಚು ಕತ್ತರಿಸುತ್ತಾ ಕೇಳಿದಳು.

“ಅವನ ಸುದ್ದಿ ಎತ್ತಬೇಡಮ್ಮ.”

“ಓಹೋ. ಯಾರ ಬಾಯಿ ಜೋರಾಗಿತ್ತು?”

ಸೂಜಿ ಮೂಲೆಯಲ್ಲಿ ನೆಲದ ಮೇಲೆ ಹಳೇ ಪೇಪರ್ ಹಾಸಿ ಕೂತಳು. ಪಾಚಿ ಗುಂಡಿಗಳನ್ನು ಅಡಿಪಟ್ಟಿಯ ತುದಿಯಿಂದ ಮೀಟಿ ಕೀಳತೊಡಗಿದಳು. ಆಮೆ ಅಂಟಿಸಿದ್ದು ಸಾಮಾನ್ಯವಾಗಿರಲಿಲ್ಲ. ಒಂದೊಂದೂ ಹಲ್ಲು ಕಿತ್ತ ಹಾಗೆ ಕೀಳಬೇಕಾಯಿತು. ಕೊಂಬೆಯ ಬಲಗಡೆ ಅರ್ಧ ಖಾಲಿಯಾಗುವಷ್ಟರಲ್ಲಿ ಉಗುರು ಉರಿಯತೊಡಗಿತು. ಎಡಗಡೆಯವನ್ನು ಹಾಗೇ ಬಿಟ್ಟಳು.

ಭರಣಿಯಿಂದ ತಂದಿದ್ದ ಹೊಸ ಬಿಳಿ ಗುಂಡಿಗಳನ್ನು ಐಸ್‌ಕ್ರೀಂ ಕಡ್ಡಿಯ ಮೇಲೆ ಡಬಲ್ ಟೇಪ್ ಹಾಕಿ ಸಾಲಾಗಿ ಕೂರಿಸಿದಳು. ಮೊದಲು ಸ್ಕೆಚ್ ಪೆನ್ ಉಜ್ಜಿದಳು. ಬಣ್ಣ ಗುಂಡಿಯ ಮೇಲೆ ನಿಲ್ಲದೆ ಜಾರಿ ಬೆರಳಿಗೆ ಹತ್ತಿತು. ಕಲೆಸುವಷ್ಟು ತಾಳ್ಮೆ ಯಾರಿಗಿದೆ? ಅಕ್ರಿಲಿಕ್ ಕೆಂಪಿನ ಟ್ಯೂಬನ್ನೇ ಹಿಂಡಿ, ಸ್ಪಂಜಿನ ಚೂರಿಂದ ಒತ್ತಿ ಒತ್ತಿ ಹಚ್ಚಿದಳು. ಒಣಗಿದ ಮೇಲೆ ಖಾಲಿ ಜಾಗದಲ್ಲೆಲ್ಲ ಅಂಟಿಸಿದಳು.

“ಹೇಗಿದೆಯಮ್ಮ?”

“ಕೆಂಪಗಿದೆ.”

“ಅಷ್ಟೇನಾ?”

“ಅಷ್ಟೇ. ಅದೇನು, ಕಾಪಿ ಬೇಕು ಅಂದಿದ್ದೆಯಲ್ಲ? ಈಗ ಗಿರಾಕಿ ಇಲ್ಲ, ಕೊಡು ತೆಗೆದುಬಿಡ್ತೀನಿ.”

ಗೋಡೆಯ ಮೇಲೆ ಯಾವ ಕೊಂಬೆ ಎಲ್ಲಿ ಅಂತ ಜೋಡಿಸಿ ನೋಡಲು ಮಿಸ್ ಎಲ್ಲರಿಗೂ ಒಂದೊಂದು ಝೆರಾಕ್ಸ್ ತರಲು ಹೇಳಿದ್ದರು. ಅಮ್ಮ ಕೊಂಬೆಯನ್ನು ಮಗು ಮಲಗಿಸಿದ ಹಾಗೆ ಗಾಜಿನ ಮೇಲೆ ಬೋರಲಾಗಿ ಮಲಗಿಸಿದಳು. ಗುಂಡಿಗಳು ಅಡ್ಡ ಬಂದು ಮೆಷಿನ್ನಿನ ಮುಚ್ಚಳ ಮುಚ್ಚಲಿಲ್ಲ. ಮೇಲೊಂದು ಕಪ್ಪು ಬಟ್ಟೆ ಹೊದಿಸಿ ಬಟನ್ ಒತ್ತಿದಳು. ಬಿಳಿ ಬೆಳಕಿನ ಗೆರೆಯೊಂದು ಅತ್ತಿಂದಿತ್ತ ಸರಿಯಿತು. ಬಿಸಿ ಬಿಸಿ ಹಾಳೆ ಹೊರಗೆ ಬಂತು.

ಸೂಜಿ ಹಾಳೆ ಎತ್ತಿಕೊಂಡಳು. ಬೂದು ಕೊಂಬೆ, ಬೂದು ಎಲೆಗಳು. ಬಲಗಡೆ ಅವಳೇ ಹಚ್ಚಿದ ಗುಂಡಿಗಳು ಹುಣ್ಣಿಮೆ ಚಂದ್ರನ ಹಾಗೆ ಬೆಳ್ಳಗೆ ಎದ್ದು ನಿಂತಿದ್ದವು.

ಎಡಗಡೆ ಏನೂ ಇರಲಿಲ್ಲ.

“ಅಮ್ಮ, ಮೆಷಿನ್ ಕೆಟ್ಟಿದೆ. ಆಮೆ ಗುಂಡಿಗಳು ಬಂದೇ ಇಲ್ಲ.”

“ಬರದೆ ಎಲ್ಲಿ ಹೋಗ್ತವೆ? ನೆಟ್ಟಗೆ ನೋಡು.”

ಸೂಜಿ ಹಾಳೆಯನ್ನು ಬಾಗಿಲ ಬೆಳಕಿಗೆ ಒಯ್ದಳು. ಮೂಗು ತಾಗುವಷ್ಟು ಹತ್ತಿರ ಹಿಡಿದಳು. ಒಂದು ಎಲೆಯ ಮಗ್ಗುಲಲ್ಲಿ ಕೂದಲೆಳೆಯಂಥ ಒಂದು ದುಂಡು ಗೆರೆ. ಅದರೊಳಗೆ ನಾಲ್ಕು ಸಣ್ಣ ಚುಕ್ಕೆ. ಗುಂಡಿ! ಅಲ್ಲೇ ಇತ್ತು. ಪಕ್ಕದಲ್ಲಿ ಇನ್ನೊಂದು. ಅಗೋ, ಮೇಲೊಂದು. ಎಲೆ ಎಷ್ಟು ಕಪ್ಪೋ ಗುಂಡಿಯೂ ಅಷ್ಟೇ ಕಪ್ಪು. ಒಂದು ಎಳ್ಳಿನಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಕತ್ತಲಲ್ಲಿ ಕಣ್ಣು ಹೊಂದಿಕೊಂಡ ಮೇಲೆ ನಕ್ಷತ್ರಗಳು ಬರುತ್ತವಲ್ಲ, ಹಾಗೆ ಗುಂಡಿಗಳು ಒಂದೊಂದಾಗಿ ಬಂದವು.

ಮಿಸ್ ಕೇಳಿದ್ದು ಇದನ್ನೇ ಅಲ್ವಾ?

“ಅಮ್ಮ, ಇದು ಹೇಗೆ?”

ಅಮ್ಮ ಕೊಂಬೆಯನ್ನೂ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ಸುಮಾರು ಹೊತ್ತು ನೋಡಿದಳು. “ನಿನ್ನ ಸೋದರಮಾವ ಚಿಕ್ಕವನಿದ್ದಾಗ ಒಂದು ಕಾಲಿಗೆ ಕೆಂಪು ಕಾಲುಚೀಲ, ಒಂದು ಕಾಲಿಗೆ ಹಸಿರು ಕಾಲುಚೀಲ ಹಾಕ್ಕೊಂಡು ಹೊರಟುಬಿಡ್ತಿದ್ದ. ನಾವೆಲ್ಲ ನಗ್ತಿದ್ವಿ. ಅವನಿಗೆ ಎರಡೂ ಒಂದೇ ಥರ ಕಾಣ್ತಿತ್ತು ಅಂತ ಆಮೇಲೆ ಡಾಕ್ಟರು ಹೇಳಿದ್ರು. ಕಣ್ಣು ಚೆನ್ನಾಗಿಯೇ ಇತ್ತು. ಆ ಎರಡು ಬಣ್ಣಗಳನ್ನ ಬೇರೆ ಮಾಡೋಕೆ ಮಾತ್ರ ಆಗ್ತಿರಲಿಲ್ಲ. ಯಾವುದು ಗಾಢ, ಯಾವುದು ತಿಳಿ ಅಂತಷ್ಟೇ ಗೊತ್ತಾಗ್ತಿತ್ತು, ನಮ್ಮ ಈ ಮೆಷಿನ್ನಿನ ಹಾಗೆ.”

“ಅಂದ್ರೆ ಆಮೆಗೂ...”

“ನಂಗೇನು ಗೊತ್ತು? ಕೇಳಬೇಕಾದವರನ್ನ ಕೇಳು.”

ನಿಂಗೇನು ಕಣ್ಣು ಕಾಣಲ್ವಾ? ತಾನೇ ಆಡಿದ ಮಾತು ಸೂಜಿಯ ಕಿವಿಯಲ್ಲಿ ಗುಂಯ್ ಅಂದಿತು. ನಾಳೆಯಿಂದ ಆಮೆ ದಿನವೂ ಬೇರೆ ದಾರಿಯಲ್ಲೇ ಮನೆಗೆ ಹೋದರೆ? ಕೊಂಬೆ, ಬಣ್ಣ, ಹಾಳೆ ಎಲ್ಲ ಡಬ್ಬಿಗೆ ತುರುಕಿ ಓಡಿದಳು.

ಆಮೆ ತನ್ನ ಮನೆಯ ಮೆಟ್ಟಿಲ ಮೇಲೆ ಕೂತು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದ. ಅವಳನ್ನು ಕಂಡೂ ಕಾಣದವನಂತೆ ಪೆಡಲ್ ತಿರುಗಿಸಿದ.

“ಇದನ್ನ ನೋಡು,” ಅಂತ ಸೂಜಿ ಹಾಳೆ ಚಾಚಿದಳು.

“ಬೇಡ.”

“ಒಂದ್ಸಲ ನೋಡೋ. ನಿನ್ನ ಗುಂಡಿ ಎಲ್ಲಿವೆ ಹುಡುಕು.”

ಆಮೆ ಬಟ್ಟೆಗೆ ಕೈ ಒರೆಸಿಕೊಂಡು ಹಾಳೆ ತಗೊಂಡ. ಎಡಗಡೆ ನೋಡಿದ, ಬಲಗಡೆ ನೋಡಿದ. “ಈ ಬೆಳ್ಳಗಿರೋದು ಯಾರದು?”

“ನಂದು.”

“ಗೊತ್ತಾಯ್ತು ಬಿಡು. ಕಲೆಸಲೇ ಇಲ್ಲ ಅಲ್ವಾ?”

ಬೇರೆ ದಿನವಾಗಿದ್ದರೆ ಈ ಮಾತಿಗೆ ಸೂಜಿ ಊರು ಒಂದು ಮಾಡುತ್ತಿದ್ದಳು. ಈಗ ಅವನ ಪಕ್ಕದಲ್ಲಿ ಕೂತಳು. “ನಿಂಗೆ ಕೆಂಪು, ಹಸಿರು ಒಂದೇ ಥರ ಕಾಣತ್ತಾ?”

ಆಮೆ ಹಾಳೆಯನ್ನು ಮಡಿಸಿ ಮೆಟ್ಟಿಲ ಮೇಲಿಟ್ಟ. “ಅಮ್ಮಂಗೆ ಬಿಟ್ರೆ ಯಾರಿಗೂ ಹೇಳಿಲ್ಲ. ಟ್ಯೂಬ್ ಮೇಲೆ ಹೆಸರು ಬರೆದಿರತ್ತಲ್ಲ, ಓದಿ ಹಚ್ತೀನಿ. ಸ್ಕೆಚ್ ಪೆನ್ನಿಗೆಲ್ಲ ಅಮ್ಮ ಚೀಟಿ ಅಂಟಿಸಿದ್ದಾರೆ. ಆದ್ರೆ ಮಿಸ್ ಈ ಸಲ ಕಲೆಸಬೇಕು ಅಂದ್ರು. ಕಲೆಸಿದ ಬಣ್ಣಕ್ಕೆ ಹೆಸರು ಎಲ್ಲಿರತ್ತೆ?”

“ಮತ್ತೆ ಹೇಗೆ ಹಚ್ಚಿದೆ?”

“ಎಲೆ ಮೇಲೆ ಗುಂಡಿ ಇಟ್ಟು ನೋಡೋದು. ಕಂಡ್ರೆ ತಗೊಂಡು ಮತ್ತೆ ಕಲೆಸೋದು. ಹಸಿ ಇದ್ದಾಗ ಒಂದು ಥರ, ಒಣಗಿದ ಮೇಲೆ ಇನ್ನೊಂದು ಥರ. ಕೊನೆಗೆ ಒಂದು ಸಲ ಇಟ್ಟೆ ನೋಡು, ಗುಂಡಿ ಹೊರಟೇ ಹೋಯ್ತು. ಬೆರಳಲ್ಲಿ ತಡವಿ ಹುಡುಕಬೇಕಾಯ್ತು!” ಹೇಳುತ್ತಾ ಹೇಳುತ್ತಾ ಅವನ ಕಣ್ಣು ಅರಳಿದವು. ಆಮೇಲೆ ಸಪ್ಪಗಾದವು. “ನೀವೆಲ್ಲ ನಕ್ಕ ಮೇಲೇ ಗೊತ್ತಾಗಿದ್ದು, ನಂಗೆ ಮಾತ್ರ ಹೋಗಿತ್ತು ಅಂತ.”

“ನಾನು ಹಾಗೆ ಕಿರುಚಬಾರದಿತ್ತು.”

“ನೀನು ಕಿರುಚದೆ ಇದ್ದ ದಿನ ಯಾವುದಿದೆ?” ಅಂದ ಆಮೆ. ಆದರೆ ಸೈಕಲ್ಲನ್ನು ಪಕ್ಕಕ್ಕೆ ಸರಿಸಿ ಡಬ್ಬಿಗೆ ಜಾಗ ಮಾಡಿಕೊಟ್ಟ.

ಕೊಂಬೆಯ ಮೇಲಿದ್ದ ಗುಂಡಿಗಳನ್ನೆಲ್ಲ ಕಿತ್ತು, ಹಳೇ ತಟ್ಟೆಯೊಂದರಲ್ಲಿ ಮತ್ತೆ ಬಣ್ಣ ಕಲೆಸಿದರು. ಸೂಜಿ ಕೆಂಪು ಹಿಂಡಿದಳು. ಆಮೆ ಒಂದು ಗುಂಡಿಗೆ ಹಚ್ಚಿ, ಊದಿ ಒಣಗಿಸಿ, ಎಲೆಯ ಮೇಲಿಟ್ಟ.

“ಇನ್ನೂ ಬೆಳಕು ಜಾಸ್ತಿ. ಒಂದು ಹನಿ ಕಪ್ಪು ಹಾಕು.”

ಹಾಕಿದಳು. ಕಲೆಸಿ ನೋಡಿದಳು. “ಅಯ್ಯೋ, ಕಂದು ಆಗ್ತಿದೆ ಕಣೋ.”

“ಹಾಗಾದ್ರೆ ಕೆಂಪು ಹಾಕು. ಬಣ್ಣದ ಕೆಲಸ ನಿಂದು. ನಾನು ಕಪ್ಪು ಎಷ್ಟು ಅಂತ ಹೇಳ್ತೀನಿ.”

ಕೆಂಪು, ಕಪ್ಪು, ಮತ್ತೆ ಕೆಂಪು. ಐಸ್‌ಕ್ರೀಂ ಕಡ್ಡಿ ಖಾಲಿಯಾಗಿ ಇನ್ನೊಂದು ಕಡ್ಡಿ ಬಂತು. ಆಮೆ ಒಂದೊಂದು ಗುಂಡಿಯನ್ನೂ ಎಲೆಯ ಮೇಲಿಟ್ಟು, ಕಣ್ಣು ಕಿರಿದು ಮಾಡಿ ನೋಡಿ, ತಲೆಯಾಡಿಸುತ್ತಿದ್ದ. ಸೂಜಿಗೆ ಮೊದಲ ಸಲ ಕಾಯಲು ಬೇಜಾರಾಗಲಿಲ್ಲ.

“ನಂಗೆ ಹೋಯ್ತು,” ಅಂದ ಆಮೆ ಕೊನೆಗೆ, ಪಿಸುದನಿಯಲ್ಲಿ. “ನಿಂಗೆ?”

ಸೂಜಿ ಬಾಗಿ ನೋಡಿದಳು. ಎಲೆ ಇತ್ತು. ಎಲೆ ಮಾತ್ರ ಇತ್ತು. ಅವಳ ಕಣ್ಣೆದುರೇ ಇಟ್ಟ ಗುಂಡಿ ಗಾಳಿಯಲ್ಲಿ ಕರಗಿದ ಹಾಗೆ ಹೋಗಿತ್ತು. ಬೆರಳಿಟ್ಟಳು. ಗಟ್ಟಿಯಾಗಿ, ದುಂಡಗೆ ಕೈಗೆ ಸಿಕ್ಕಿತು.

“ಹೋಯ್ತು,” ಅಂದಳು. ಅವಳ ದನಿಯೂ ತಾನಾಗಿ ಪಿಸುಗುಟ್ಟಿತು.

ಗುಂಡಿಗಳು ಒಣಗುವವರೆಗೆ ಇಬ್ಬರಿಗೂ ಕೆಲಸವಿರಲಿಲ್ಲ. ಉಳಿದ ಒಂದು ಕೆಂಪು ಎಲೆಯನ್ನು ಆಮೆ ಎತ್ತಿ ಬಿಸಿಲಿಗೆ ಹಿಡಿದ. “ಸೂಜಿ, ನಿಂಗೆ ಕೆಂಪು ಹೇಗೆ ಕಾಣತ್ತೆ?”

“ಇದೇನು ಪ್ರಶ್ನೆ? ಕೆಂಪಂದ್ರೆ ಟೊಮೇಟೊ ಥರ.”

“ಟೊಮೇಟೊ ನಂಗೆ ಅದರ ಗಿಡದ ಥರಾನೇ.”

“ಬೆಂಕಿ ಥರ ಅನ್ಕೋ.”

“ಬೆಂಕಿ ಹಳದಿ ಅಲ್ವಾ?”

ಸೂಜಿ ಬೀದಿಯ ಕಡೆ ನೋಡಿದಳು. ಕೆಂಪು ಬಸ್ಸೊಂದು ಹೋಗುತ್ತಿತ್ತು. ಎದುರು ಮಹಡಿಯಲ್ಲಿ ಯಾರದೋ ಕೆಂಪು ಟವೆಲ್ ಹಾರಾಡುತ್ತಿತ್ತು. ಸ್ಕೂಟರಿನ ಹಿಂದಿನ ದೀಪ ಹತ್ತಿತು. ಹುಟ್ಟಿದಾಗಿಂದ ನೋಡಿದ ಕೆಂಪು. ಒಂದು ದಿನವೂ ಅದರ ಮುಂದೆ ಹೀಗೆ ನಿಂತಿರಲಿಲ್ಲ.

“ಗೊತ್ತಿಲ್ಲ ಕಣೋ,” ಅಂದಳು. “ನಿಂಗೆ ಹೇಗೆ ಕಾಣತ್ತೆ, ಈ ಎಲೆ?”

“ನಂಗೂ ಹೇಳೋಕೆ ಬರಲ್ಲ,” ಅಂದ ಆಮೆ, ಎಲೆಯನ್ನು ಕಣ್ಣಿನ ಹತ್ತಿರ ತಂದು.

ಸೂಜಿ ಎಲೆಯ ಇನ್ನೊಂದು ತುದಿಯನ್ನು ಹಿಡಿದುಕೊಂಡಳು. ಬಸ್ಸು ಹೋಗಿ, ಧೂಳು ಅಡಗಿದ ಮೇಲೂ ಇಬ್ಬರೂ ಅದನ್ನು ಅತ್ತ ತಿರುಗಿಸಿ, ಇತ್ತ ತಿರುಗಿಸಿ, ನೋಡುತ್ತಲೇ ಕೂತಿದ್ದರು.