ವಿಲನ್‌ಗಿದ್ದ ಧೈರ್ಯ

ಅಭಿರಾಮನಿಗೆ ಎದುರಿಗೆ ಕೂತ ಹುಡುಗಿಗಿಂತ, ಸೂಪರ್‌ಹೀರೋ ಸಿನಿಮಾಗಳ ಹಾವಳಿ ಶುರುವಾಗುವ ಮೊದಲು ಬಂದ ಒಂದು ಹಳೇ ಸಿನಿಮಾದ ವಿಲನ್ ಹೆಚ್ಚು. ಆ ಹುಡುಗಿ ನಾನು, ಧಾತ್ರಿ.

ಎರಡೂ ಮನೆಯವರು ಜಾತಕ ನೋಡಿಸಿ, "ಇನ್ನು ನೀವಿಬ್ಬರೂ ಮಾತಾಡಿಕೊಳ್ಳಿ" ಅಂದಿದ್ದರು. ಮಾತಾಡುತ್ತಲೇ ಇದ್ದೇವೆ! ವಾರಕ್ಕೊಮ್ಮೆ ನನ್ನ ಮನೆಯಿರುವ ಆಂಟಾಪ್ ಹಿಲ್‌ನಿಂದ ಫೋರ್ಟ್‌ಗೆ ಬಂದು, ಅವನ ಬ್ಯಾಂಕಿನ ಪಕ್ಕದ ಉಡುಪಿ ಹೋಟೆಲಿನಲ್ಲಿ ಕೂರುತ್ತೇನೆ. ಅವನು ಸಿನಿಮಾ ಶುರು ಮಾಡುತ್ತಾನೆ. "ನೀವು ನನಗಿಷ್ಟ" ಎಂಬ ಒಂದು ಮಾತು ಮಾತ್ರ ಬರುವುದಿಲ್ಲ.

ಇವತ್ತು ನನಗೆ ಆ ಮಾತು ಬೇಕೇ ಬೇಕಿತ್ತು. ಪವಾಯಿಯ ನನ್ನ ಆಫೀಸು ನನ್ನನ್ನು ಹೈದರಾಬಾದಿಗೆ ವರ್ಗ ಮಾಡುತ್ತೇನೆ ಅನ್ನುತ್ತಿದೆ. ನಾಳೆ ಹೂಂ ಅಥವಾ ಉಹೂಂ ಅನ್ನಬೇಕು. ಇದನ್ನು ಅವನಿಗೆ ಫೋನಿನಲ್ಲಿ ತಿಳಿಸಿಯೂ ಇದ್ದೆ.

"ಈಗಿನ ವಿಲನ್‌ಗಳು ಸುಮ್ನೆ ಪ್ರಪಂಚ ಸುಡ್ತೀನಿ ಅಂತಾರೆ," ಎಂದ, ದೋಸೆ ಮುರಿಯುತ್ತ. "ಎಲ್ಲಾ ಕಂಪ್ಯೂಟರ್ ಬೆಂಕಿ. ನನ್ನ ಹಳೇ ವಿಲನ್ ಹಾಗಲ್ಲ ರೀ. ಊಟಕ್ಕೆ ಕೂತು, ಮೆತ್ತಗೆ, ತನಗೇನು ಬೇಕು ಅಂತ ನೇರವಾಗಿ ಹೇಳ್ತಾನೆ. ಅದಕ್ಕೇ ಇವತ್ತಿಗೂ ಭಯ ಆಗುತ್ತೆ."

ಅವನ ಕಣ್ಣು ಒಮ್ಮೆ ನನ್ನ ಜುಮುಕಿಯ ಮೇಲೆ ಬಂದು, ಸಿಕ್ಕಿಬಿದ್ದ ಕಳ್ಳನ ಹಾಗೆ ಚಟ್ನಿಗೆ ಇಳಿಯಿತು. ಇದೊಂದು ಬೇರೆ! ನೋಡುವುದೇನೋ ನೋಡುತ್ತಾನೆ, ಬಾಯಿ ಬಿಡುವುದಿಲ್ಲ. ನನಗೆ ಪಿತ್ತ ನೆತ್ತಿಗೇರಿತು.

"ಆ ವಿಲನ್‌ಗಿರೋ ಧೈರ್ಯ ನಿಮಗಿಲ್ವಲ್ರೀ! ಹೈದರಾಬಾದ್‌ಗೆ ಹೂಂ ಅಂದ್ಬಿಡ್ಲಾ?"

ಅವನ ಮುಖ ಬಿಳಿಚಿಕೊಂಡಿತು. "ಬೇಡ... ಇನ್ನೊಂದು ನಾಲ್ಕು ದಿನ ತಡೀರಿ. ಆಷಾಢ ಅಲ್ವಾ?"

"ಏನು?"

"ಆಷಾಢ ಮುಗಿಯೋವರೆಗೂ ಮದುವೆ ಮಾತು ಎತ್ತಕೂಡದು ಅಂತ ಅಮ್ಮ ಮೈಸೂರಿಂದ ಫೋನ್ ಮಾಡಿ ಆಣೆ ಹಾಕಿಸ್ಕೊಂಡಿದಾರೆ. ಅದಕ್ಕೇ ಬರೀ ಸಿನಿಮಾ..."

ಇಡೀ ತಿಂಗಳು ಕನ್ನಡಿ ಮುಂದೆ ನಿಂತು, ನನ್ನಲ್ಲೇನು ಕೊರತೆ ಎಂದು ಹುಡುಕಿದ್ದೆ. ಅಳುವೂ ಬಂತು, ಅವನ ತಲೆಗೊಂದು ಮೊಟಕೋಣ ಅಂತಲೂ ಅನ್ನಿಸಿತು.

"ಅದನ್ನಾದ್ರೂ ಹೇಳ್ಬಾರ್ದಿತ್ತಾ, ಪುಣ್ಯಾತ್ಮ!"

"ಅದೂ ಮದುವೆ ಮಾತೇ ಅಲ್ವಾ?"

"ನಮ್ಮಮ್ಮ ಯಾವ ಆಣೇನೂ ಹಾಕಿಸ್ಕೊಂಡಿಲ್ಲ. ಕೇಳು. ನನಗೆ ನೀನು ಬೇಕು. ನಾನು ಎಲ್ಲಿಗೂ ಹೋಗಲ್ಲ."

ಪಕ್ಕದ ಟೇಬಲಿನವರು ತಿರುಗಿ ನೋಡಿದರು. ನೋಡಲಿ.

ಅಭಿರಾಮ ಕಿವಿಯವರೆಗೂ ಕೆಂಪಾದ. ಮೇಜಿನ ಮೇಲಿದ್ದ ನನ್ನ ಕೈಯನ್ನು ಮೆಲ್ಲಗೆ ಹಿಡಿದುಕೊಂಡ.

"ಅಮ್ಮ ಹೇಳಬೇಡ ಅಂದಿದಾರೆ, ಕೇಳಿಸ್ಕೋಬೇಡ ಅಂದಿಲ್ಲ," ಎಂದ. "ಇನ್ನೊಂದ್ಸಲ ಹೇಳು."