ಹಲಸಿನ ಮರದ ಆನೆ

ಸಂಕ್ರಾಂತಿ ಹತ್ತಿರವಾಗಿತ್ತು. ಹೊಳೆನರಸೀಪುರದ ಮೇಲೆ ಕವಿದಿದ್ದ ಹೊಳೆಯ ಮಂಜು ಬೆಳಗಾದರೂ ಕರಗಿರಲಿಲ್ಲ. ನಿವೃತ್ತ ಇನ್‌ಸ್ಪೆಕ್ಟರ್ ಗಂಗಾಂಬಿಕೆಯವರ ಜಗಲಿಯಲ್ಲಿ ಮುರಳೀಕೃಷ್ಣ ಅವರೆಕಾಯಿ ಸುಲಿಯುತ್ತ ಕೂತಿದ್ದ. ಅವನು ಪತ್ರಿಕೆಯೊಂದರ ತಾಲ್ಲೂಕು ವರದಿಗಾರ, ಅವರ ಮಹಡಿಯ ಬಾಡಿಗೆದಾರ. ಠಾಣೆಯಲ್ಲಿ ಹೇಳಲಾಗದ್ದನ್ನು ಜನ ಈ ಜಗಲಿಗೆ ತಂದು ಹೇಳುತ್ತಿದ್ದರು. ಗಂಗಾಂಬಿಕೆ ಅದನ್ನು ಬಿಡಿಸುವುದನ್ನು ಪಕ್ಕದಲ್ಲಿದ್ದು ನೋಡುವ ಭಾಗ್ಯ ಅವನದು.

ಗೇಟು ಸದ್ದಾಯಿತು. ಹಿಂದಿನ ಬೀದಿಯ ಪ್ರತಿಭಾ, ಶಾಲೆಯ ಟೀಚರು. ಕೈಯಲ್ಲಿ ಬಟ್ಟೆ ತುಂಬಿದ ಬ್ಯಾಗು.

"ಅರಕಲಗೂಡಿಗೆ ಹೊರಟಿದ್ದೀನಿ ಮೇಡಂ, ತವರಿಗೆ. ನಾನು ಕಳ್ಳಿ ಅಲ್ಲ ಅಂತ ಒಬ್ಬರಾದ್ರೂ ನಂಬ್ಲಿ ಅಂತ ಬಂದೆ."

"ಮೊದ್ಲು ಕೂತ್ಕೊ. ಏನು ಹೋಯ್ತು?"

"ಅತ್ತೆಯ ಸಕ್ಕರೆ ಅಚ್ಚಿನ ಮಣೆಗಳು."

ಮುರಳಿಯ ಕೈ ನಿಂತಿತು. ಆನೆ, ಗಿಳಿ, ಬಸವ. ಹಲಸಿನ ಮರದಲ್ಲಿ ಕೊರೆದ, ಪ್ರತಿಭಾಳ ಅತ್ತೆ ಲಕ್ಷ್ಮಿದೇವಮ್ಮನವರಿಗೆ ಅವರ ಅತ್ತೆಯಿಂದ ಬಂದ ಅಚ್ಚುಗಳು. ಅವುಗಳಲ್ಲಿ ಎರಕವಾದ ಬಿಳಿ ಆನೆ ಎಳ್ಳಿನ ತಟ್ಟೆಯಲ್ಲಿ ಕಾಣದಿದ್ದರೆ ಹಾಸನ, ಚನ್ನರಾಯಪಟ್ಟಣದ ನೆಂಟರಿಗೂ ಹಬ್ಬ ಸಪ್ಪೆ.

"ಮೊನ್ನೆ ಶಾಲೆಯ ಪೇಪರ್ ತಿದ್ದೋದು, ಮನೆ ಗುಡಿಸಿ ಸಾರಿಸೋದು, ನೆಂಟರಿಗೆ ಹಾಸಿಗೆ ಹೊಂದಿಸೋದು, ಎಲ್ಲಾ ಒಟ್ಟಿಗೇ ಬಂತು," ಎಂದಳು ಪ್ರತಿಭಾ. "'ಅಚ್ಚು ಅಂಗಡೀಲಿ ತಂದ್ರಾಯ್ತು, ಆ ಮಣೆಗಳ್ನ ಒಲೆಗೆ ಹಾಕಿ ಅತ್ತೆ' ಅಂದೆ, ತಮಾಷೆಗೆ. ನಿನ್ನೆ ಬೆಳಿಗ್ಗೆ ನೋಡಿದ್ರೆ ಮಣೆ ಇಲ್ಲ. 'ನಿಜವಾಗ್ಲೂ ಸುಟ್ಟಾಕ್ದ್ಯಾ?' ಅಂದ್ರು ನಮ್ಮನೆಯವರು."

"ನಿಮ್ಮತ್ತೆ ಏನಂದ್ರು?"

"ಏನೂ ಇಲ್ಲ. ಅದೇ ನೋವು. ರಾಗಿ ಡ್ರಮ್ ಮುಟ್ಬೇಡ, ಹಬ್ಬ ಮುಗಿಯೋವರ್ಗೂ ಹಿಟ್ಟು ಅಂಗಡಿಯಿಂದ ತಾ ಅಂದಿದ್ದು ಬಿಟ್ರೆ ಮಾತೇ ಇಲ್ಲ."

ಗಂಗಾಂಬಿಕೆ ಚಪ್ಪಲಿ ಮೆಟ್ಟಿದರು. "ಬ್ಯಾಗ್ ಇಲ್ಲೇ ಇರ್ಲಿ. ಬಾ."

ಲಕ್ಷ್ಮಿದೇವಮ್ಮ ಅಡುಗೆಮನೆಯ ಬಾಗಿಲಲ್ಲೇ ಇದ್ದರು. ಒಳಬಂದವರತ್ತ ಮುಖ ತಿರುಗಿಸಿ ಸುಮ್ಮನೆ ನಿಂತರು. "ಹೇಗಿದ್ದೀರಿ?" ಎಂದು ಗಂಗಾಂಬಿಕೆ ಕೇಳಿದ ಮೇಲೆಯೇ ಮುಖ ಅರಳಿತು.

"ಓ, ಗಂಗವ್ವನಾ! ಬಾ ಕಣವ್ವ. ನೋಡು, ಈ ಪಾತ್ರೇಲೇ ನೆನೆ ಆಕಿದ್ದೆ. ಒಣಮಣೆಗೆ ಪಾಕ ಉಯ್ದ್ರೆ ಕಚ್ಕೊಂಡ್ಬುಡ್ತದೆ. ಮನಗೋವಾಗ್ಲೂ ಮುಟ್ಟಿ ನೋಡಿದ್ನಿ, ಇದ್ದೋ. ಒತ್ತಾರೆ ಎದ್ರೆ ಬರೀ ನೀರು. ಆ ನೀರ್ನೂ ಚೆಲ್ಲಕೆ ಮನಸ್ ಬರ್ನಿಲ್ಲ."

ಮುರಳಿ ಬಗ್ಗಿ ನೋಡಿದ. ನೀರು ತಿಳಿಯಾಗಿತ್ತು; ಪಾತ್ರೆಯ ತಳದಲ್ಲಿ ಕೊರೆಸಿದ್ದ ಹೆಸರನ್ನು ಸ್ಪಷ್ಟವಾಗಿ ಓದಬಹುದಿತ್ತು.

ಲಕ್ಷ್ಮಿದೇವಮ್ಮ ಕಾಫಿ ಬಗ್ಗಿಸಿದರು. ಲೋಟದ ಬಾಯೊಳಗೆ ಬೆರಳಿಟ್ಟು, ಬಿಸಿ ತಾಕಿದೊಡನೆ ಸುರಿಯುವುದನ್ನು ನಿಲ್ಲಿಸಿದರು. ಗಂಗಾಂಬಿಕೆ ಅದನ್ನು ನೋಡಿದರು.

ಹಿತ್ತಲಿಗೆ ಹೋದಾಗ ಕರಿಬೇವಿನ ಬುಡದಲ್ಲಿ ಇರುವೆಗಳ ಸಾಲು. ಗಂಗಾಂಬಿಕೆ ಕಡ್ಡಿಯಿಂದ ಮಣ್ಣು ಸರಿಸಿದರು. ಸೀದು ಕಂದಾದ ಸಕ್ಕರೆ ಉಂಡೆಗಳು. ಒಂದರಲ್ಲಿ ಆನೆಯ ಕಿವಿ ಮೂಡಿತ್ತು.

"ಶಶಿಕಿರಣ್‌ಗೆ ಫೋನ್ ಮಾಡು, ಮುರಳಿ. ಕೊಬ್ಬರಿ ಮಂಡಿಯಿಂದ ಈಗ್ಲೇ ಬರ್ಲಿ."

ಪ್ರತಿಭಾಳ ಗಂಡ ಶಶಿಕಿರಣ್ ಬಂದವನೇ ಹೆಂಡತಿಗೆ, "ಬಸ್ ಹತ್ತಲಿಲ್ವಾ?" ಎಂದ.

"ಬಾಯ್ ಮುಚ್ಕೊಂಡ್ ಕೂತ್ಕೊಳಪ್ಪ," ಎಂದರು ಗಂಗಾಂಬಿಕೆ. "ಅಪವಾದ ಎಲ್ಲರೆದುರು ಬಂದಿದೆ, ಎಲ್ಲರೆದುರೇ ಹೋಗ್ಬೇಕು. ಮೊದಲು ಈ ನೀರು. ಹಲಸಿನ ಮರ ಎಷ್ಟು ಸಲ ನೆನೆಸಿದ್ರೂ ಬಣ್ಣ ಬಿಡುತ್ತೆ. ಇದು ನಲ್ಲಿ ನೀರಿನಷ್ಟೇ ತಿಳಿಯಾಗಿದೆ. ಅಂದ್ರೆ ಆ ರಾತ್ರಿ ಇದರಲ್ಲಿ ಮಣೆ ಇರಲೇ ಇಲ್ಲ."

ಲಕ್ಷ್ಮಿದೇವಮ್ಮನವರ ಕೈ ಸೆರಗಿನ ತುದಿ ಹಿಡಿಯಿತು.

"ಎರಡನೇದು, ಹಿತ್ತಲಲ್ಲಿ ಹೂತಿದ್ದ ಸಕ್ಕರೆ. ಅದರಲ್ಲಿ ಈ ಮನೆ ಆನೆಯ ಕಿವಿ ಇದೆ. ಇರುವೆ ಇನ್ನೂ ಮುತ್ತಿವೆ, ಹೊಸದೇ. ಯಾರೋ ಗುಟ್ಟಾಗಿ ಅಚ್ಚು ಹೊಯ್ದು ನೋಡಿದ್ದಾರೆ, ಪಾಕ ಸೀದಿದೆ. ಈ ಮನೇಲಿ ಅಚ್ಚು ಹೊಯ್ಯೋರು ಒಬ್ಬರೇ. ಅವರ ಪಾಕ ಯಾಕೆ ಸೀಯ್ತು? ಬಾಣಲೆ ಅಂಚಲ್ಲಿ ಪಾಕಕ್ಕೆ ಬಿಳಿ ಬಂದ ಗಳಿಗೆನ ಕಣ್ಣಲ್ಲಿ ನೋಡಿ ಹೊಯ್ಯಬೇಕು. ಆದ್ರೆ ಅವರು ಕಾಫಿನೇ ಬೆರಳಿಟ್ಟು ಅಳೀತಾರೆ. ನನ್ನನ್ನ ಧ್ವನಿಯಿಂದ ಗುರುತಿಸಿದ್ರು."

ಅವೆಲ್ಲವನ್ನೂ ಮುರಳಿಯೂ ನೋಡಿದ್ದ.

"ಕೊನೇದು, ಹೊಲದ ರಾಗಿ ಇರೋ ಮನೆಗೆ ಅಂಗಡಿ ಹಿಟ್ಟು ಯಾಕೆ?"

ಪ್ರತಿಭಾ ಎದ್ದು ಹೋಗಿ ಡ್ರಮ್ಮಿನ ರಾಗಿಯೊಳಗೆ ಮೊಣಕೈವರೆಗೆ ಕೈ ಇಳಿಸಿದಳು. ಹಳೆ ಸೀರೆಯ ಗಂಟು ಹೊರಬಂತು, ಒಳಗೆ ಮಣೆಗಳು.

"ಅವ್ವಾ..." ಎಂದ ಶಶಿಕಿರಣ್.

"ನೆಂಟ್ರೆಲ್ಲಾ ನನ್ ಆನೆಗೇ ಕಾಯ್ತಾರೆ ಕಣ್ಲಾ," ಎಂದರು ಲಕ್ಷ್ಮಿದೇವಮ್ಮ, ತಲೆ ತಗ್ಗಿಸಿ. "ಕಣ್ಣು ಮಂಜಾಗೈತೆ. ಸೀದ್ ಆನೆ ಕಳಿಸ್ಲಾ? ಮಣೆನೇ ಇಲ್ಲ ಅಂದ್ರೆ ಯಾರೂ ಕೇಳಕಿಲ್ಲ ಅಂದ್ಕಂಡೆ. ಪ್ರತಿಭಾನ್ ಎಸ್ರು ನಾನ್ ಎತ್ನಿಲ್ಲ. ನೀನ್ ಎತ್ದಾಗ ಸುಮ್ಕಿದ್ದೆ. ಅದು ತೆಪ್ಪು ಕಣವ್ವ ಪ್ರತಿಭಾ."

ಶಶಿಕಿರಣ್ ಹೆಂಡತಿಯ ಕಡೆ ನೋಡಿ, "ನಂದೂ ತಪ್ಪಾಯ್ತು," ಎಂದ. ಪ್ರತಿಭಾ ಮಣೆಗಳನ್ನು ಆ ಪಾತ್ರೆಯ ನೀರಿಗೆ ಹಾಕಿದಳು. "ನಾಳೆ ಬನ್ನಿ ಮೇಡಂ," ಎಂದಳು. "ಹಬ್ಬ ಕಳೀಲಿ, ಅತ್ತೆನ ಕಣ್ಣಿನ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ."

ಮರುದಿನ ಆ ಪಾತ್ರೆಯ ನೀರು ಅರಿಶಿನದ ಬಣ್ಣಕ್ಕೆ ತಿರುಗಿತ್ತು. ಮುರಳಿ ಅದನ್ನು ನೋಡಿ ಗಂಗಾಂಬಿಕೆಯವರತ್ತ ನೋಡಿದ. ಅವರು ನಕ್ಕರು, ಅಷ್ಟೇ.

ಪಾಕ ಕುದಿಯುತ್ತಿತ್ತು. ಲಕ್ಷ್ಮಿದೇವಮ್ಮ ತಿರುವುತ್ತಿದ್ದರು, ಪ್ರತಿಭಾ ಅವರ ಭುಜಕ್ಕೆ ಗಲ್ಲ ತಾಗಿಸಿಕೊಂಡು ಬಾಣಲೆಯನ್ನೇ ದಿಟ್ಟಿಸುತ್ತಿದ್ದಳು.

"ಇನ್ನೂ ಇಲ್ಲ ಅತ್ತೆ... ಇನ್ನೂ ಇಲ್ಲ... ಬಂತು! ಬಿಳಿ ಬಂತು!"

ಮುದಿ ಕೈ ಒಂದು ಹನಿಯನ್ನೂ ಚೆಲ್ಲದೆ ಹೊಯ್ದಿತು. ಆರಿದ ಮೇಲೆ ಪ್ರತಿಭಾ ಮಣೆ ಬಿಚ್ಚಿದಳು. ಕಿಟಕಿಯ ಎಳೆಬಿಸಿಲು ಆನೆಯ ಕಿವಿಯನ್ನು ಹಾದು ಬರುತ್ತಿತ್ತು.

ಪ್ರತಿಭಾ ಅದನ್ನು ಅತ್ತೆಯ ಅಂಗೈಯಲ್ಲಿಟ್ಟಳು. ಲಕ್ಷ್ಮಿದೇವಮ್ಮ ಬೆನ್ನು, ಹಣೆ ಸವರಿ, ತುದಿಬೆರಳನ್ನು ಮೆಲ್ಲಗೆ ಮುಂದಕ್ಕೆ ಜಾರಿಸಿದರು.

"ಸೊಂಡ್ಲು ಮುರುದಿಲ್ಲ ಕಣವ್ವ," ಎಂದರು.